ಮಿಂಚು ಬೇರೆ, ಸಿಡಿಲು ಬೇರೆ

ಇಂಗ್ಲಿಷಿನವರು ಲೈಟ್ನಿಂಗ್ ಅಂದುಬಿಟ್ಟರೆ ಮುಗೀತು. ನಮ್ಮಲ್ಲಿ ಹಾಗಲ್ಲ ನೋಡಿ. ಆಕಾಶದಲ್ಲಿ ಹೊಳೆಯೋದು ಮಿಂಚು, ನೆಲಕ್ಕೆ ಬಡಿಯೋದು ಸಿಡಿಲು. ಈ ಎರಡು ಪದಗಳ ನಡುವೆ ಜೀವದ ಪ್ರಶ್ನೆಯೇ ಇದೆ ಅಂತ ನನಗೆ ಈಚೆಗೆ ಅನಿಸತೊಡಗಿದೆ.

ನಮ್ಮ ರಾಯಚೂರಿನ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್-ಮೇನಲ್ಲಿ ಹಗಲೆಲ್ಲಾ ನೆಲ ಕಾದು, ತೇವ ಹೊತ್ತ ಬಿಸಿಗಾಳಿ ಮೇಲೇರಿ, ಸಂಜೆಗೆ ಹತ್ತಾರು ಕಿಲೋಮೀಟರ್ ಎತ್ತರದ ಮೋಡ ಎದ್ದು ನಿಲ್ಲುತ್ತೆ. ಅದರೊಳಗೆ ಹಿಮದ ಹರಳುಗಳೂ ಸಣ್ಣ ಆಲಿಕಲ್ಲುಗಳೂ ಒಂದಕ್ಕೊಂದು ಉಜ್ಜಾಡುತ್ತವೆ. ಸಾಮಾನ್ಯವಾಗಿ ಹಗುರಾದವು ಧನ ವಿದ್ಯುತ್ತನ್ನು ಮೇಲಕ್ಕೆ ಒಯ್ಯುತ್ತವೆ, ಭಾರದವು ಋಣ ವಿದ್ಯುತ್ತಿನೊಂದಿಗೆ ಕೆಳಗೆ ಉಳಿಯುತ್ತವೆ. ಈ ಅಂತರ ಮಿತಿಮೀರಿದಾಗ ಗಾಳಿಯನ್ನೇ ಸೀಳಿಕೊಂಡು ವಿದ್ಯುತ್ ಹರಿಯುತ್ತೆ. ಆ ದಾರಿಯ ಶಾಖ ಸುಮಾರು 30,000 ಡಿಗ್ರಿ ಸೆಲ್ಸಿಯಸ್, ಸೂರ್ಯನ ಮೇಲ್ಮೈಗಿಂತ ಐದು ಪಟ್ಟು!

ಹೀಗೆ ಹರಿಯೋದರಲ್ಲಿ ಹೆಚ್ಚಿನದು ಮೋಡದೊಳಗೇ ಮುಗಿಯುತ್ತೆ. ಕೆಲವು ಒಂದು ಮೋಡದಿಂದ ಇನ್ನೊಂದಕ್ಕೆ ಹಾರುತ್ತವೆ. ನೆಲಕ್ಕಿಳಿಯೋದು ಸ್ವಲ್ಪ ಭಾಗ ಮಾತ್ರ. ಅದರಲ್ಲೂ ಬಹುಪಾಲು ಮೋಡದ ತಳದ ಋಣ ವಿದ್ಯುತ್ತು. ಅಪರೂಪಕ್ಕೆ ಮೋಡದ ನೆತ್ತಿಯಿಂದ ಧನ ವಿದ್ಯುತ್ತು ಇಳಿಯುತ್ತೆ. ಇದು ಹೆಚ್ಚು ಬಲದ್ದು, ಮಳೆಯಿಂದ ಎಷ್ಟೋ ದೂರದಲ್ಲೂ ಬೀಳಬಹುದು. ಎತ್ತರದ ಗೋಪುರಗಳ ತುದಿಯಿಂದ ಮೇಲಕ್ಕೆ ಹೊರಡೋದೂ ಉಂಟು. ಅಡ್ಡಡ್ಡ ಹರಡೋದಕ್ಕೂ ಮಿತಿಯಿಲ್ಲ: 2017ರಲ್ಲಿ ಅಮೆರಿಕದಲ್ಲಿ ಒಂದೇ ಮಿಂಚು 829 ಕಿಲೋಮೀಟರ್ ಉದ್ದ ಹೊಳೆದಿತ್ತು.

ಗುಡುಗಿನ ಸದ್ದು ಹೆಚ್ಚೆಂದರೆ ಇಪ್ಪತ್ತು ಕಿಲೋಮೀಟರ್ ದಾಟೋದು ಕಷ್ಟ. ಬೆಳಕಿಗೆ ಆ ಕಟ್ಟಿಲ್ಲ. ಹಾಗಾಗಿ ರಾಯಚೂರಿನ ಮಾಳಿಗೆ ಮೇಲೆ ಕೂತು ನಾವು "ಬರೀ ಮಿಂಚು, ಮಳೆ ಇಲ್ಲ ಬಿಡು" ಅಂತ ನೋಡೋದು, ಅದೇ ಗಳಿಗೆಯಲ್ಲಿ ಮಾನ್ವಿಯ ಗದ್ದೆಯಲ್ಲೋ ದೇವದುರ್ಗದ ಎರೆಹೊಲದಲ್ಲೋ ಇರೋರಿಗೆ ಸಿಡಿಲಾಗಿರಬಹುದು.

ದೇವದುರ್ಗದ ಕಡೆ ಹೊಲ ಮಾಡುವ ನನ್ನ ಸೋದರಮಾವನಿಗೆ ಫೋನಲ್ಲಿ ಇದನ್ನೇ ಹೇಳಿದೆ. ನಕ್ಕುಬಿಟ್ಟ. "ಅಳಿಯಾ, ಬಯಲಾಗ ಮಳಿ ಬಂದ್ರ ಬೇವಿನ ಗಿಡ ಬಿಟ್ಟು ಎಲ್ಲಿಗೆ ಹೋಗ್ಲೋ?"

ಉತ್ತರ ಕೊಡೋದು ಸುಲಭವಲ್ಲ. ಆದರೆ ಒಂಟಿ ಮರಕ್ಕೆ ಬಡಿದ ಸಿಡಿಲು ಅಲ್ಲೇ ನಿಲ್ಲಲ್ಲ. ಪಕ್ಕದಲ್ಲಿದ್ದವರ ಮೈಗೆ ಜಿಗಿಯುತ್ತೆ, ಬುಡದ ನೆಲದಲ್ಲಿ ಸುತ್ತಲೂ ಹರಡುತ್ತೆ. ಮುಂಗಾಲಿಗೂ ಹಿಂಗಾಲಿಗೂ ಅಂತರವಿರೋ ದನ-ಕುರಿಗಳ ಎದೆಯ ಮೂಲಕವೇ ಅದು ಹಾಯುತ್ತೆ. ಮರದಡಿ ನಿಂತ ಕುರಿಹಿಂಡು ಒಟ್ಟಿಗೆ ಸಾಯೋದು ಹೀಗೆ. ದೇಶದಲ್ಲಿ 2022ರಲ್ಲಿ 2,887 ಜನ ಸಿಡಿಲಿಗೆ ಸತ್ತರು ಅನ್ನುತ್ತೆ ಸರ್ಕಾರದ ಲೆಕ್ಕ. ಇವರಲ್ಲಿ ಹೊಲದಲ್ಲಿದ್ದವರೇ ಜಾಸ್ತಿ.

ಕೊನೆಗೆ ಮಾವನ ಜೊತೆ ಒಂದು ಒಪ್ಪಂದ ಮಾಡ್ಕೊಂಡೆ. ಮೋಡ ಕಪ್ಪಾಗಿ ಮೊದಲ ಗುಡುಗು ಕೇಳಿದ್ರೆ ಸಾಕು, ಹನಿ ಬೀಳೋವರೆಗೂ ಕಾಯದೆ ಕುರಿ ಹೊಡ್ಕೊಂಡು ಊರ ದಾರಿ ಹಿಡೀಬೇಕು. ಪಕ್ಕಾ ಮನೆ ಅಥವಾ ಬಾಗಿಲು ಮುಚ್ಚಿದ ಜೀಪು ಆದೀತು. ತಗಡಿನ ಶೆಡ್ಡು, ಟ್ರ್ಯಾಕ್ಟರ್ ಬೇಡ. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆಯೋವರೆಗೂ ಹೊಲಕ್ಕೆ ತಿರುಗಿ ಹೋಗಬಾರದು. ಪುಣೆಯ ಹವಾಮಾನ ವಿಜ್ಞಾನಿಗಳ "ದಾಮಿನಿ" ಆ್ಯಪನ್ನು ಅವನ ಮಗನ ಮೊಬೈಲಿಗೆ ಹಾಕಿಸಿದ್ದೇನೆ.

"ಕೆಲಸ ಅರ್ಧಕ್ಕ ನಿಲ್ತೈತಲ್ಲೋ" ಅಂದ ಮಾವ.

ನಿಲ್ಲಲಿ ಅಂದೆ.