ಮೊಳೆ, ಕೀ, ಮಂಡಕ್ಕಿ ಡಬ್ಬಿ

ಚನ್ನಗಿರಿಯ ನಮ್ಮ ಮನೆಯ ತಲೆಬಾಗಿಲು ದಾಟಿದ ಕೂಡಲೇ ಎಡಗೋಡೆಯಲ್ಲಿ ಒಂದು ಮೊಳೆ ಇದೆ. ಕ್ಯಾಲೆಂಡರಿಗೆಂದು ಅಪ್ಪ ಹೊಡೆದದ್ದು. ಕ್ಯಾಲೆಂಡರು ವರ್ಷಕ್ಕೊಂದು ಬದಲಾಯಿತು, ಮೊಳೆಗೆ ಮಾತ್ರ ಸಂಸಾರ ಬೆಳೆಯುತ್ತಲೇ ಹೋಯಿತು. ತೋಟದ ಪಂಪ್‌ಸೆಟ್ಟಿನ ಮನೆಯ ಕೀ, ರೇಷನ್ ಕಾರ್ಡಿನ ಚೀಲ, ಹಿಡಿ ಮುರಿದ ಕೊಡೆ, ಕೊನೆಗೆ ನನ್ನ ಹಳೇ ಕಾರಿನ ಕೀ. ಅಂಗಳದಲ್ಲಿ ನಿಂತವನಿಗೆ ಕಾರೂ ಕಾಣುತ್ತದೆ, ಕಿಟಕಿಯೊಳಗಿನಿಂದ ಮೊಳೆಯೂ ಕಾಣುತ್ತದೆ. ನಡುವೆ ಹನ್ನೆರಡೇ ಹೆಜ್ಜೆ. ಜಗಳೂರಿನಿಂದ ಹೊನ್ನಾಳಿಯವರೆಗೆ ಇಪ್ಪತ್ತು ವರ್ಷ ತಿರುಗಿ ವಾಹನ ವಿಮೆ ಮಾಡಿಸಿದವನ ಮನೆಯ ಕಥೆ ಇದು. ವೈದ್ಯರ ಮನೆಯವರಿಗೇ ಕೆಮ್ಮು ಜಾಸ್ತಿ.

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆಗಿನ್ನೂ ಹೊನ್ನಾಳಿಯ ಮಡಿಲಲ್ಲಿತ್ತು, ತಾಲ್ಲೂಕಾದದ್ದು ಈಚೆಗೆ. ಆಡುವ ಮಾತು ಸರ್ಕಾರಿ ಆದೇಶ ಕೇಳುವುದಿಲ್ಲವಲ್ಲ. ಬೀಗ ತೆರೆಯುವ ವಸ್ತು ಒಬ್ಬರಿಗೆ ಬೀಗದಕೈ, ಇನ್ನೊಬ್ಬರಿಗೆ ಕೀಲಿ. ಕಾರಿನದ್ದಾದರೆ ಮಾತ್ರ ಎಲ್ಲರ ಬಾಯಲ್ಲೂ ಕೀ. ಬೀಗದಕೈ ಅವ್ವನ ಸೆರಗಿನ ಗಂಟಿನಲ್ಲಿತ್ತು, ಅಜ್ಜನ ಉಡಿದಾರಕ್ಕೆ ಕಟ್ಟಿಕೊಂಡಿತ್ತು, ಮೈಗೆ ಅಂಟಿದ ವಸ್ತು. ಕೀ ಎಂದಾದ ಮೇಲೆ ಅದು ಮೊಳೆಗೆ ಹೋಯಿತು.

ಅಡಿಕೆ ಸುಗ್ಗಿಯಲ್ಲಿ ನಮ್ಮೂರಿನ ಮಂಡಿಗಳ ಮುಂದೆ ನಿಂತ ಗಾಡಿಗಳನ್ನು ನೋಡಬೇಕು. ಅರ್ಧಕ್ಕರ್ಧ ಗಾಡಿಗಳಲ್ಲಿ ಕೀ ಅಲ್ಲೇ ತೂಗುತ್ತಿರುತ್ತದೆ. ಯಾಕಪ್ಪಾ ಎಂದರೆ, “ಅಡ್ಡ ಆದ್ರೆ ಯಾರಾದ್ರೂ ತೆಗ್ದು ಆಕಡೆ ಹಾಕ್ಲಿ ಅಂತ.” ಇದನ್ನು ಬೇಜವಾಬ್ದಾರಿ ಎನ್ನಲು ನನಗೆ ಮನಸ್ಸು ಬಾರದು. ಆ ಬೀದಿಯಲ್ಲಿ ಗಾಡಿಯನ್ನು ಕಾಯುತ್ತಿದ್ದದ್ದು ಬೀಗವಲ್ಲ, ಕಣ್ಣು. ಇದು ಯಾರ ಕಾರು, ಅದರಲ್ಲಿ ಕೂತವನು ಅವರ ಮಗನೋ ಅಳಿಯನೋ ಎಂದು ಚಹಾದಂಗಡಿಯವನಿಗೆ ಗೊತ್ತಿತ್ತು. ಅಂಬಾಸಿಡರ್ ಕಾಲದಲ್ಲಂತೂ ಸವೆದ ಕೀ ಒಂದಿದ್ದರೆ ಪಕ್ಕದವರ ಕಾರಿನ ಬಾಗಿಲೂ ತೆರೆಯುತ್ತಿತ್ತು. ನಾನೇ ಒಮ್ಮೆ ಬೇರೆಯವರ ಕಾರಿನಲ್ಲಿ ಕೂತು, ಸೀಟಿನ ಮೇಲಿನ ಟವೆಲ್ಲು ನಮ್ಮದಲ್ಲ ಎಂದು ಕಂಡ ಮೇಲೆ ಇಳಿದಿದ್ದೇನೆ. ಈಗ ಅದೇ ಬೀದಿಯಲ್ಲಿ ಎಲ್ಲಾ ಕಾರೂ ಬಿಳಿ, ಎಲ್ಲರ ತಲೆಯೂ ಮೊಬೈಲಿನ ಮೇಲೆ. ಕಣ್ಣು ಹೋಯಿತು, ತೂಗುವ ಕೀ ಉಳಿಯಿತು.

ಕಾರು ಕಳುವಾದರೆ ವಿಮೆಯವರು ಮೊದಲು ಕೇಳುವುದು ಕಾರಿನ ಬಗ್ಗೆ ಅಲ್ಲ. “ಎರಡೂ ಕೀ ತನ್ನಿ” ಎನ್ನುತ್ತಾರೆ. ಜಗಳೂರಿನ ರೈತರೊಬ್ಬರು ಕರ್ಚೀಪಿನ ಗಂಟು ಬಿಚ್ಚಿ ನನ್ನ ಮುಂದೆ ಎರಡು ಕೀ ಇಟ್ಟರು. ಒಂದರ ಗುಂಡಿಗಳ ಮೇಲಿನ ಗುರುತು ಬೆರಳು ಒತ್ತಿ ಒತ್ತಿ ಅಳಿಸಿಹೋಗಿತ್ತು, ಸಂದಿನಲ್ಲಿ ಹೊಲದ ಕೆಂಪು ಮಣ್ಣು. ಇನ್ನೊಂದು ಪ್ಲಾಸ್ಟಿಕ್ ಕವರು ಕೂಡ ಹರಿಯದೆ ಹೊಸದಾಗಿತ್ತು, ದೇವರ ಮನೆಯಲ್ಲಿದ್ದದ್ದರಿಂದ ಕುಂಕುಮದ ಪುಡಿ ಹತ್ತಿತ್ತು. ಅವರ ಕ್ಲೇಮಿಗೆ ನನಗೆ ಚಿಂತೆಯಾಗಲಿಲ್ಲ. ಹೊನ್ನಾಳಿ ಕಡೆಯ ಇನ್ನೊಬ್ಬರದು ಬೇರೆ ಕಥೆ. ಒಂದೇ ಕೀ ತಂದಿದ್ದರು. ಇನ್ನೊಂದೆಲ್ಲಿ ಸ್ವಾಮಿ ಎಂದರೆ ತಲೆ ತಗ್ಗಿಸಿದರು. ಮಗಳ ಮದುವೆಯಲ್ಲಿ ಓಡಾಟಕ್ಕೆಂದು ಬೀಗರಿಗೆ ಕೊಟ್ಟಿದ್ದರಂತೆ, ಆಮೇಲೆ ಕೇಳಲು ಸಂಕೋಚ. ಬೀಗದಕೈ ಬೀಗರ ಹತ್ತಿರ ಇದೆ ಎಂದು ಫಾರಂನಲ್ಲಿ ಹೇಗೆ ಬರೆಯಲಿ? ತಿಂಗಳುಗಟ್ಟಲೆ ಕಾಗದ ಓಡಾಡಿತು. ಸಂಬಂಧಕ್ಕೆ ಧಕ್ಕೆಯಾಗದಂತೆ ಆ ಕೀ ವಾಪಸು ತರಿಸಲು ಪಟ್ಟ ಪಾಡಿನಲ್ಲಿ ಇನ್ನೊಂದು ಮದುವೆಯನ್ನೇ ಮುಗಿಸಬಹುದಿತ್ತು.

ಕೀ ಬಿಟ್ಟು ಇಳಿದವನಿಗೆ ಏನೂ ಸಿಗುವುದಿಲ್ಲ ಎಂದು ನಾನೂ ಬಹಳ ಕಾಲ ಹೆದರಿಸುತ್ತಿದ್ದೆ. ಅದು ಪೂರ್ತಿ ಸರಿಯಲ್ಲ. ಲಾರಿಯಲ್ಲೇ ಕೀ ಬಿಟ್ಟು ವಿಳಾಸ ಕೇಳಲು ಇಳಿದಾಗ ಲಾರಿಯೇ ಹೋದ ಪ್ರಕರಣವೊಂದರಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಮುಕ್ಕಾಲು ಪಾಲು, ಅಂದರೆ ಶೇ. 75ರಷ್ಟು ಪರಿಹಾರ ಕೊಡಿಸಿತು. ಅದಕ್ಕೂ ಮುಂಚೆ, 2020ರ ಜನವರಿಯಲ್ಲಿ, ಪೊಲೀಸರಿಗೆ ತಕ್ಷಣ ದೂರು ಕೊಟ್ಟಿದ್ದರೆ ವಿಮಾ ಕಂಪನಿಗೆ ತಡವಾಗಿ ತಿಳಿಸಿದರೆಂಬ ಒಂದೇ ಕಾರಣಕ್ಕೆ ಕ್ಲೇಮು ತಳ್ಳಿಹಾಕುವಂತಿಲ್ಲ ಎಂದು ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತ್ತು. ಆದರೂ ನಮ್ಮವರು ಕಾರು ಹೋದ ದಿನ ಮೊದಲು ಹೋಗುವುದು ಶಾಸ್ತ್ರ ಕೇಳಲು. ಯಾವ ದಿಕ್ಕಿಗೆ ಹೋಗಿದೆ ಎಂದು ಅಲ್ಲಿ ತಿಳಿದ ಮೇಲೆ ಠಾಣೆ.

ಕೀ ಎಂದರೆ ಬರೀ ಹಲ್ಲಿನ ಕಬ್ಬಿಣವಲ್ಲ ಎಂಬುದು ನನಗೆ ತಿಳಿದದ್ದು ಒಂದು ಸಲ ನಕಲಿ ಮಾಡಿಸಲು ಹೋದಾಗ. ಬಸ್ ಸ್ಟ್ಯಾಂಡಿನ ಹತ್ತಿರ ಕೊಡೆಯಡಿ ಕೂರುವಾತ ಅರ ಹಾಕಿ ಉಜ್ಜಿ ಹತ್ತು ನಿಮಿಷದಲ್ಲಿ ಕೊಟ್ಟ. ಬಾಗಿಲು ತೆರೆಯಿತು, ಸ್ಟಾರ್ಟರು ತಿರುಗಿತು, ಎಂಜಿನ್ನು ಮಾತ್ರ ಹಿಡಿಯಲಿಲ್ಲ. ಅಸಲಿ ಕೀಯ ಕಪ್ಪು ತಲೆಯೊಳಗೆ ಅಕ್ಕಿಕಾಳಿನಷ್ಟು ಚಿಪ್. ಅದಕ್ಕೆ ಬ್ಯಾಟರಿಯೂ ಬೇಡ. ಕೀ ತಿರುಗಿಸುವ ತೂತಿನ ಸುತ್ತ ಇರುವ ತಂತಿಯ ಸುರುಳಿ ಅದಕ್ಕೆ ಜೀವ ಕೊಟ್ಟು ಗುರುತು ಕೇಳುತ್ತದೆ. ಗುರುತು ಸರಿಯಿದ್ದರೆ ಮಾತ್ರ ಎಂಜಿನ್ನಿಗೆ ಅಪ್ಪಣೆ. ಇದಕ್ಕೇ ಇಮೊಬಿಲೈಸರ್ ಎನ್ನುವುದು. ಇದನ್ನು ಹಾಕದೆ ಅಮೆರಿಕದಲ್ಲಿ ಮಾರಿದ ಕೆಲವು ಕಿಯಾ, ಹ್ಯುಂಡೈ ಕಾರುಗಳನ್ನು ಅಲ್ಲಿನ ಹುಡುಗರು ಮೊಬೈಲ್ ಚಾರ್ಜಿನ ವೈರಿನ ತುದಿ ಸಿಕ್ಕಿಸಿ ತಿರುಗಿಸಿ ಓಡಿಸಿಕೊಂಡು ಹೋದದ್ದು ದೊಡ್ಡ ಸುದ್ದಿಯಾಗಿತ್ತು. ಹಳೇ ಕಾರು ಕೊಳ್ಳುವಾಗ ನಮ್ಮವರು ಟಯರಿಗೆ ಒದೆಯುತ್ತಾರೆ, ಬಾನೆಟ್ಟು ತಟ್ಟುತ್ತಾರೆ. ಈ ಕಾರಿನ ನೆನಪಿನಲ್ಲಿ ಒಟ್ಟು ಎಷ್ಟು ಕೀ ಇವೆ, ಕೈಗೆ ಬಾರದ ಕೀಯನ್ನು ಅಳಿಸಿಕೊಡ್ತೀರಾ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಸರ್ವಿಸ್ ಸೆಂಟರಿನಲ್ಲಿ ಆಗುವ ಕೆಲಸವೇ ಅದು.

ಕಳೆದ ದೀಪಾವಳಿಗೆ ಅಕ್ಕನ ಮಗ ಬೆಂಗಳೂರಿನಿಂದ ಹೊಸ ಕಾರಿನಲ್ಲಿ ಬಂದ. ಅದಕ್ಕೆ ಕೀ ತಿರುಗಿಸುವ ಕೆಲಸವೇ ಇಲ್ಲ. ಜೇಬಿನಲ್ಲಿದ್ದರಾಯಿತು, ಬಾಗಿಲು ಮುಟ್ಟಿದರೆ ತೆರೆಯುತ್ತದೆ, ಗುಂಡಿ ಒತ್ತಿದರೆ ಹೊರಡುತ್ತದೆ. ಅವನ ಕೈಯಿಂದ ಕೀ ಇಸಿದುಕೊಂಡು ಅವ್ವ ಮೊಳೆಗೆ ಹಾಕಿದಳು. ಅವನು ಬೆಚ್ಚಿಬಿದ್ದ.

“ಅಜ್ಜಿ, ಅಲ್ಲಿಡಬೇಡ. ಅದು ಮಾತಾಡುತ್ತೆ.”

ಮಾತಾಡುವುದು ನಿಜ. ಹತ್ತಿರ ಬಂದೆಯಾ ಎಂದು ಕಾರು ಮೆಲ್ಲಗೆ ಕೂಗುತ್ತದೆ, ಬಂದೆ ಎಂದು ಕೀ ಓಗೊಡುತ್ತದೆ. ಕಾರಿನ ಕೂಗು ಒಂದೆರಡು ಮಾರು ದೂರಕ್ಕಷ್ಟೇ ಕೇಳಿಸುವಂಥದ್ದು. ಕಳ್ಳರಲ್ಲಿ ಒಬ್ಬ ಕಾರಿನ ಪಕ್ಕ, ಇನ್ನೊಬ್ಬ ಚೀಲದೊಳಗೆ ಯಂತ್ರ ಇಟ್ಟುಕೊಂಡು ಮನೆಯ ಬಾಗಿಲ ಪಕ್ಕ ನಿಲ್ಲುತ್ತಾರೆ. ಕಾರಿನ ಕೂಗನ್ನು ಇವನ ಯಂತ್ರ ಮೊಳೆಯ ತನಕ ಮುಟ್ಟಿಸುತ್ತದೆ. ಯಜಮಾನನೇ ಬಂದನೆಂದು ಕಾರು ಬಾಗಿಲು ತೆರೆಯುತ್ತದೆ. ಒಮ್ಮೆ ಎಂಜಿನ್ನು ಹಿಡಿಯಿತೆಂದರೆ ಕೀ ದೂರವಾದರೂ ಹೆಚ್ಚಿನ ಕಾರುಗಳು ನಿಲ್ಲುವುದಿಲ್ಲ. ನಡುರಸ್ತೆಯಲ್ಲಿ ನಿಂತರೆ ಅಪಾಯವೆಂದು ಹಾಗೆ ಮಾಡಿರುತ್ತಾರೆ. ಗಾಜು ಒಡೆದಿಲ್ಲ, ಬೀಗ ಮುರಿದಿಲ್ಲ.

“ನ್ಯಾಮತಿ ಬ್ಯಾಂಕಿಗೆ ಎಷ್ಟ್ ಬೀಗ ಇದ್ವಪ್ಪ?” ಎಂದಳು ಅವ್ವ. ಈ ಪ್ರಶ್ನೆಗೆ ಉತ್ತರ ಕೊಡಲು ನಮ್ಮ ಜಿಲ್ಲೆಯಲ್ಲಿ ಯಾರಿಗೂ ಧೈರ್ಯವಿಲ್ಲ. 2024ರ ಅಕ್ಟೋಬರಿನಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕಿನ ಕಿಟಕಿಯ ಸರಳು ಕಿತ್ತು ಒಳನುಗ್ಗಿದವರು ಜನ ಅಡವಿಟ್ಟಿದ್ದ ಹದಿನೇಳು ಕೆ.ಜಿ.ಗೂ ಹೆಚ್ಚು ಬಂಗಾರ ಹೊತ್ತೊಯ್ದಿದ್ದರು. ಮುಂದಿನ ಮಾರ್ಚಿನಲ್ಲಿ ಪೊಲೀಸರು ಅದರ ಬಹುಪಾಲನ್ನು ತಮಿಳುನಾಡಿನ ಒಂದು ಬಾವಿಯಿಂದ ಮೇಲೆತ್ತಿದರು. ಬೀಗ ಮುಂಬಾಗಿಲಿನಲ್ಲಿ ತನ್ನ ಪಾಡಿಗೆ ತಾನಿತ್ತು.

ಕೀಯ ಮಾತು ಹೊರಗೆ ಹೋಗದಂತೆ ಲೋಹದ ಡಬ್ಬಿಯಲ್ಲಿಡಬೇಕು, ಅದಕ್ಕೆಂದೇ ಚೀಲ ಸಿಗುತ್ತದೆ, ತರಲು ಮರೆತೆ ಎಂದ ಹುಡುಗ. ಡಬ್ಬಿಗೇನು ಬರ? ಮೊದಲು ಊಟದ ಕ್ಯಾರಿಯರ್ರಿನ ಒಂದು ಬಟ್ಟಲಿಗೆ ಕೀ ಹಾಕಿ, ಮುಚ್ಚಿ, ಕಾರಿನ ಪಕ್ಕ ಹಿಡಿದು ನಿಂತೆ. ಅವನು ಹಿಡಿಕೆ ಮುಟ್ಟಿದ. ಟಕ್ ಎಂದು ತೆರೆಯಿತು. ಮುಚ್ಚಳ ಸಡಿಲ. ಚಹಾಪುಡಿಯ ಡಬ್ಬಿ ತಂದೆವು. ಅದರ ಮುಚ್ಚಳ ಪ್ಲಾಸ್ಟಿಕ್, ಮತ್ತೆ ಟಕ್. ರಾತ್ರಿ ಹತ್ತು ಗಂಟೆಗೆ ಮಾವ ಅಳಿಯ ಡಬ್ಬಿ ಎತ್ತಿಕೊಂಡು ಕಾರಿಗೆ ಪ್ರದಕ್ಷಿಣೆ ಹಾಕುವುದನ್ನು ಎದುರುಮನೆಯವರು ಹೊಸ ಕಾರಿನ ಪೂಜೆ ಎಂದುಕೊಂಡು ಕೈ ಮುಗಿದರು. ಕೊನೆಗೆ ಅಡುಗೆಮನೆಯ ಅಟ್ಟದಿಂದ ಅವ್ವನ ಮಂಡಕ್ಕಿ ಡಬ್ಬಿ ಇಳಿಯಿತು. ಅಂಗೈಯಿಂದ ಗುದ್ದಿ ಮುಚ್ಚಬೇಕು, ಚಮಚದ ಹಿಡಿಯಿಂದ ಎಬ್ಬಿ ತೆಗೆಯಬೇಕು, ಅಂಥ ಬಿಗಿ ಸ್ಟೀಲ್ ಡಬ್ಬಿ. ಮಂಡಕ್ಕಿಯನ್ನು ಪೇಪರಿಗೆ ಸುರಿದು ಕೀ ಹಾಕಿ ಗುದ್ದಿದೆವು. ಅಳಿಯ ಹಿಡಿಕೆ ಮುಟ್ಟಿದ. ಎಳೆದ. ಮತ್ತೆ ಮುಟ್ಟಿದ. ಕಾರು ಮಿಸುಕಲಿಲ್ಲ.

ಬೆಳಿಗ್ಗೆ ನಾನೆದ್ದಾಗ ಪೇಪರಿನ ಮುಂದೆ ಕೂತಿದ್ದ ಅವ್ವ ಒಂದು ಕಾಳು ಬಾಯಿಗೆ ಹಾಕಿಕೊಂಡು, ಅಗಿಯದೆ ನನ್ನ ಮುಖ ನೋಡಿದಳು.

“ಅವ್ನ ಕಾರು ಉಳ್ಸಕ್ಕೋಗಿ ನನ್ ಮಂಡಕ್ಕಿ ಮೆತ್ತಗ್ ಮಾಡಿದ್ರಲ್ಲೋ.”