ಗಾಲಿಗೆ ಬಣ್ಣ ಹಚ್ಚೋ ಮೊದಲು

ನಮ್ಮ ಹತ್ತಿಮತ್ತೂರಿನಲ್ಲಿ ಕಾರು ಬಂದು ನಿಂತರೆ ಮಂದಿ ಮೊದಲು ನೋಡುವುದು ಗಾಲಿಯನ್ನು. ಬಾನೆಟ್ ಎಷ್ಟೇ ಮಿಂಚಲಿ, ಗಾಲಿಗೆ ತುಕ್ಕು ಹಿಡಿದಿದ್ದರೆ ‘ಹಳೇ ಗಾಡಿ ತಂದಾರ’ ಅಂತ ಕಟ್ಟೆ ಮೇಲೆ ಕುಂತವರು ತೀರ್ಪು ಕೊಟ್ಟುಬಿಡುತ್ತಾರೆ. ಇದು ಚಕ್ಕಡಿ ಕಾಲದಿಂದ ಬಂದ ಕಣ್ಣು. ಜಾತ್ರೆಗೆ ಚಕ್ಕಡಿ ಹೂಡುವ ಮುಂಚೆ ಹಿರಿಯರು ಎತ್ತಿನ ಕೋಡಿಗೆ ಹಚ್ಚಿದಂತೆ ಗಾಲಿಗೂ ಬಣ್ಣ ಹಚ್ಚುತ್ತಿದ್ದರು. ಅದೇ ಹೊತ್ತಿಗೆ ಗಾಲಿಯ ಕಬ್ಬಿಣದ ಪಟ್ಟಿ ಸಡಿಲಾಗಿದೆಯೇ, ಕಡಾಣಿ ಗಟ್ಟಿ ಇದೆಯೇ ನೋಡಿ, ಅಚ್ಚಿಗೆ ಕೀಲೆಣ್ಣೆ ಬಿಡುತ್ತಿದ್ದರು. ಸಿಂಗಾರ ಬೇರೆ, ತಪಾಸಣೆ ಬೇರೆ ಅಂತ ಇರಲಿಲ್ಲ.

ಈಗ ಓಣಿ ಓಣಿಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು. 1983ರಲ್ಲಿ ಬಂದ ಮಾರುತಿ 800 ತಯಾರಿಕೆ 2014ರಲ್ಲೇ ನಿಂತಿತು, ಹಳ್ಳಿಯಲ್ಲಿ ಇನ್ನೂ ಓಡುತ್ತಿದೆ. ಅದರ ಜೊತೆಗೆ ಓಮ್ನಿ, ಆಲ್ಟೊ. ಇವುಗಳದ್ದು 12 ಇಂಚಿನ ಉಕ್ಕಿನ ರಿಮ್. ಅಲಾಯ್ ಹಾಕಿಸಲು ಸಾವಿರಾರು ರೂಪಾಯಿ ಬೇಕು. ಅಷ್ಟು ಖರ್ಚಿಲ್ಲದೆ, ಮನೆ ಅಂಗಳದಲ್ಲೇ ಹಳೇ ರಿಮ್ಮನ್ನು ಚೆಂದ ಮಾಡಬಹುದು. ನಾವು ನಮ್ಮ ಹಳೇ ಆಲ್ಟೊಗೆ ಮಾಡಿದ್ದು ಹೀಗೆ.

ಮೊದಲು ಸ್ಟೆಪ್ನಿ ಹೊರಗೆ ತೆಗೆದೆವು. ಅದಕ್ಕೆ ಬಣ್ಣ ಹಚ್ಚಿ ಒಣಗಿಸಿ, ಮರುದಿನ ಒಂದು ಗಾಲಿ ಬಿಚ್ಚಿ ಆ ಜಾಗಕ್ಕೆ ಹಾಕಿದೆವು. ಬಿಚ್ಚಿದ್ದಕ್ಕೆ ಬಣ್ಣ. ಹೀಗೆ ದಿನಕ್ಕೊಂದರಂತೆ 5 ದಿನಕ್ಕೆ 5 ಗಾಲಿ. ಕಾರು ಒಂದು ರಾತ್ರಿಯೂ ಜಾಕ್ ಮೇಲೆ ನಿಲ್ಲಲಿಲ್ಲ. ಜಾಕ್ ಹಾಕುವಾಗ ನೆಲ ಸಮತಟ್ಟಾಗಿ, ಗಟ್ಟಿಯಾಗಿ ಇರಬೇಕು. ಹ್ಯಾಂಡ್ ಬ್ರೇಕ್ ಎಳೆದು ಉಳಿದ ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಕಾರಿನ ಕೆಳಗೆ ಮಾತ್ರ ಯಾರೂ ಹೋಗಬಾರದು.

ಬಿಚ್ಚಿದ ಗಾಲಿಯನ್ನು ಶಾಂಪೂ ನೀರು, ತೆಂಗಿನ ನಾರಿನಿಂದ ಒಳಗೂ ಹೊರಗೂ ತಿಕ್ಕಿ. ನಮ್ಮ ಕಡೆಯ ಎರೆ ಮಣ್ಣು ರಿಮ್ಮಿನ ಒಳಬದಿಗೆ ಅಂಟಿ ಒಣಗಿದರೆ ಗಾಲಿಯ ತೂಕ ಒಂದು ಕಡೆ ವಾಲುತ್ತದೆ, ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ. ರಿಮ್ಮಿನ ಅಂಚಿಗೆ ಇರುವ ಸಣ್ಣ ತೂಕದ ತುಂಡುಗಳನ್ನು ಕಸ ಅಂದುಕೊಂಡು ಕೀಳಬೇಡಿ. ಅವು ಬ್ಯಾಲೆನ್ಸಿಂಗ್‌ಗೆ ಹಾಕಿದ್ದು. ಟಾಯ್ಲೆಟ್ ತೊಳೆಯುವ ಆಸಿಡ್ ಬೇಡವೇ ಬೇಡ. ಅದು ತುಕ್ಕಿನ ಜೊತೆ ಲೋಹವನ್ನೂ ತಿನ್ನುತ್ತದೆ.

ತುಕ್ಕನ್ನು ತಂತಿ ಬ್ರಷ್ ಮತ್ತು ಎಮರಿ ಪೇಪರಿನಿಂದ ಉಜ್ಜಿ ತೆಗೆದು, ಒರೆಸಿ ಒಣಗಿಸಿ. ಆಮೇಲೆ ಬಾಗಿಲು ಗ್ರಿಲ್ಲಿಗೆ ಹಚ್ಚುವ ರೆಡ್ ಆಕ್ಸೈಡ್ ಪ್ರೈಮರನ್ನು ತೆಳುವಾಗಿ ಒಂದು ಕೈ. ಅದು ಒಣಗಿದ ಮೇಲೆ ಸಿಲ್ವರ್ ಸ್ಪ್ರೇ ಬಣ್ಣ, ತೆಳುವಾಗಿ ಎರಡು ಮೂರು ಕೈ. ಒಮ್ಮೆಲೇ ದಪ್ಪ ಹೊಡೆದರೆ ಸೋರಿ ಗೆರೆ ಬೀಳುತ್ತದೆ. ಬಣ್ಣ ಟೈರಿಗೆ ತಾಗದಂತೆ ರಿಮ್ ಮತ್ತು ಟೈರ್ ನಡುವಿನ ಸಂದಿನಲ್ಲಿ ಸುತ್ತಲೂ ಇಸ್ಪೀಟ್ ಎಲೆ ಸಿಕ್ಕಿಸಿದೆವು. ಗಾಳಿ ತುಂಬುವ ವಾಲ್ವಿಗೆ ಟೇಪ್ ಸುತ್ತಿದೆವು. ‘ಎಲೀ ಇಷ್ಟು ದಿನಕ್ಕ ಒಂದು ಚಲೋ ಕೆಲಸಕ್ಕ ಬಂದ್ವು’ ಅಂದಳು ಅವ್ವ.

ಒಂದು ಕಡೆ ಮಾತ್ರ ಬಣ್ಣ ಹೊಡೆಯಬಾರದು: ನಟ್ಟು ಕೂರುವ ತೂತಿನ ಅಂಚು ಮತ್ತು ರಿಮ್ಮಿನ ಬೆನ್ನು ಕಾರಿಗೆ ಒತ್ತಿ ಕೂರುವ ಜಾಗ. ಅಲ್ಲಿ ಬಣ್ಣದ ಪದರ ಇದ್ದರೆ ಓಡಾಟದಲ್ಲಿ ಅದು ನುರಿದು, ಬಿಗಿದ ನಟ್ಟು ಸಡಿಲಾಗುತ್ತದೆ. ನಟ್ಟುಗಳನ್ನು ಸುತ್ತಿನ ಸಾಲಿನಲ್ಲಿ ಬಿಗಿಯದೆ ಎದುರುಬದುರಾಗಿ ಬಿಗಿಯಿರಿ. 50 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಪಾನಾ ಹಾಕಿ ನೋಡಿ.

ಮೂರನೇ ದಿನ ಮುಂದಿನ ಎಡಗಡೆ ಗಾಲಿ ಬಿಚ್ಚಿ ತೊಳೆಯುವಾಗ ಟೈರಿನ ಒಳಮಗ್ಗುಲಲ್ಲಿ ನಿಂಬೆಕಾಯಿ ಗಾತ್ರದ ಉಬ್ಬು ಕೈಗೆ ತಾಗಿತು. ಹೊರಗಿನಿಂದ ಆ ಟೈರ್ ಚೆಂದವೇ ಇತ್ತು. ಗುಂಡಿಗೆ ಬಡಿದಾಗ ಟೈರಿನ ಒಳಗಿನ ದಾರಗಳು ತುಂಡಾಗಿ, ಗಾಳಿ ಅಲ್ಲಿಂದ ರಬ್ಬರನ್ನು ಹೊರಗೆ ತಳ್ಳುತ್ತದೆ. ಅದಕ್ಕೆ ಪಂಕ್ಚರ್ ಹಾಕಿದಂತೆ ಹಾಕಲು ಬರುವುದಿಲ್ಲ, ಟೈರನ್ನೇ ಬದಲಿಸಬೇಕು. ಮರುವಾರ ಅದೇ ಕಾರಿನಲ್ಲಿ ತುಂಬು ಬಸುರಿ ಅಕ್ಕನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗುವುದಿತ್ತು. ಹೆದ್ದಾರಿಯಲ್ಲಿ ಆ ಟೈರ್ ಒಡೆದಿದ್ದರೆ ಎಂದು ನೆನೆದು ನಾವು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಣ್ಣದ ಉಳಿದ ಖರ್ಚು ನಿಲ್ಲಿಸಿ ಮೊದಲು ಟೈರ್ ತಂದೆವು. ಉಳಿದ ಎರಡು ಗಾಲಿಗೆ ಬಣ್ಣ ಬಂದದ್ದು ಅಕ್ಕ ಕೂಸಿನ ಜೊತೆ ಮನೆಗೆ ಬಂದ ಮೇಲೆ.

ಹೀಗಾಗಿ ಬರೇ ಮೇಲಿನ ಮಿಂಚು ಕಂಡರೆ ನಮಗೆ ಅನುಮಾನ. ಡೀಸೆಲ್, ಸುಟ್ಟ ಆಯಿಲ್ ಬಳಿದು ಟೈರ್ ಕಪ್ಪಗೆ ಮಾಡುವವರಿದ್ದಾರೆ. ಒಂದು ದಿನ ಹೊಳೆಯುತ್ತದೆ, ಮರುದಿನ ಧೂಳು ಮೆತ್ತುತ್ತದೆ, ಎಣ್ಣೆ ರಬ್ಬರನ್ನು ಮೆತ್ತಗೆ ಮಾಡಿ ಕೆಡಿಸುತ್ತದೆ. ಕಪ್ಪು ಬೇಕೇ ಬೇಕೆಂದರೆ ನೀರಿನ ಅಂಶದ ಟೈರ್ ಪಾಲಿಶ್ ಬಳಸಿ, ಅದೂ ಮಗ್ಗುಲಿಗೆ ಮಾತ್ರ. ನೆಲ ಮುಟ್ಟುವ ಭಾಗಕ್ಕೆ ಹಚ್ಚಿದರೆ ಗಾಡಿ ಜಾರುತ್ತದೆ.

ಹಳೇ ಕಾರು ಕೊಳ್ಳುವವರು ಈ ಹೊಳಪಿಗೆ ಮರುಳಾಗಬೇಡಿ. ಟೈರಿನ ಮಗ್ಗುಲಲ್ಲಿ ಡಿಓಟಿ ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದ ಟೈರ್ ಎಂದರ್ಥ. ಆ ಅಂಕಿ ಹೊರಮಗ್ಗುಲಲ್ಲಿ ಕಾಣದಿದ್ದರೆ ಒಳಮಗ್ಗುಲಲ್ಲಿ ನೋಡಿ. 5 ವರ್ಷ ದಾಟಿದ್ದರೆ ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಿ. ಟೈರಿನ ಗೆರೆಗಳ ನಡುವೆ ಸಣ್ಣ ದಿಬ್ಬಗಳಿವೆ, 1.6 ಮಿಲಿಮೀಟರ್ ಎತ್ತರದವು. ಟೈರ್ ಸವೆದು ಅವುಗಳ ಮಟ್ಟಕ್ಕೆ ಬಂದರೆ ಅದರ ಆಯುಷ್ಯ ಮುಗಿದಂತೆ.

ಈ ಮಹಾನವಮಿಗೆ ಗಾಡಿ ಪೂಜೆ ಮಾಡುವವರೆಲ್ಲ ಗಾಲಿ ತೊಳೆದೇ ತೊಳೆಯುತ್ತೀರಿ. ನಿಂಬೆಹಣ್ಣು ಇಡಲು ಬಗ್ಗಿದಾಗ ಆ ನಾಲ್ಕು ಅಂಕಿಯನ್ನೂ ಓದಿ, ಟೈರಿನ ಒಳಮಗ್ಗುಲಿಗೆ ಒಮ್ಮೆ ಕೈ ಆಡಿಸಿ. ಅದಕ್ಕೆ ಖರ್ಚು ಒಂದು ಪೈಸೆಯೂ ಇಲ್ಲ.