ಉಸಿರು ಮತ್ತು ಹರೆಯದ ಮನಸ್ಸು

ಮನಸ್ಸು ಕಣ್ಣಿಗೆ ಕಾಣದು, ಕೈಗೆ ಸಿಗದು. ಉಸಿರು ಹಾಗಲ್ಲ. ಅದು ತಾನಾಗಿಯೇ ನಡೆಯುತ್ತದೆ. ಮನುಷ್ಯನು ಬಯಸಿದಾಗ ಅವನ ಮಾತನ್ನೂ ಕೇಳುತ್ತದೆ. ಹೃದಯದ ಬಡಿತಕ್ಕಾಗಲಿ ಜಠರದ ಕೆಲಸಕ್ಕಾಗಲಿ ಈ ಗುಣವಿಲ್ಲ. ಆದುದರಿಂದಲೇ ಯೋಗಿಗಳು ಚಿತ್ತವನ್ನು ನಿಲ್ಲಿಸಲು ಉಸಿರಿನ ಬಾಗಿಲಿನಿಂದ ಒಳಹೊಕ್ಕರು. ಹಠಯೋಗ ಪ್ರದೀಪಿಕೆಯ ಎರಡನೆಯ ಉಪದೇಶವು ಪ್ರಾಣಾಯಾಮಕ್ಕೇ ಮೀಸಲಾಗಿದೆ.

ಇಂದಿನ ಯುವಕನ ಚಿತ್ತವನ್ನು ಸೆಳೆಯುವುದು ಅಂಗೈಯೊಳಗಿನ ಮೊಬೈಲು. ಓದಲು ಕುಳಿತವನು ಒಂದು ಸಂದೇಶ ನೋಡಲೆಂದು ಅದನ್ನು ತೆರೆಯುತ್ತಾನೆ. ಸಂದೇಶದ ಬೆನ್ನಿಗೆ ಆಟ, ಆಟದ ಬೆನ್ನಿಗೆ ವಿಡಿಯೊಗಳ ಸಾಲು. ರಾತ್ರಿ ಎರಡಾದರೂ ಕೈ ಬಿಡದು. ಬೆಳಗಾದರೆ ಪಶ್ಚಾತ್ತಾಪ, ರಾತ್ರಿಯಾದರೆ ಮತ್ತೆ ಅದೇ. ಇದನ್ನು ಸೋಮಾರಿತನವೆಂದು ಜರಿಯುವ ಮುನ್ನ ಹೆತ್ತವರು ಒಂದು ಸಂಗತಿಯನ್ನು ಅರಿಯಬೇಕು. ಸುಖವನ್ನು ಅರಸುವ ಮಿದುಳಿನ ಭಾಗಗಳು ಹರೆಯದಲ್ಲಿಯೇ ಚುರುಕಾಗುತ್ತವೆ. ‘ಸಾಕು’ ಎಂದು ತಡೆಯುವ, ಹಣೆಯ ಹಿಂದಿನ ಭಾಗವು ಪಕ್ವವಾಗಲು ಸುಮಾರು 25 ವರ್ಷ ಬೇಕು. ಕುದುರೆ ಬಲಿತಿದೆ, ಲಗಾಮು ಇನ್ನೂ ಎಳೆಯದು.

ವೈದ್ಯಲೋಕವೂ ಇದನ್ನು ಗುರುತಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಂತ್ರಜ್ಞಾನದ ಅತಿಬಳಕೆಗೆ ಸಿಲುಕಿದವರಿಗಾಗಿಯೇ 2014ರಲ್ಲಿ ಚಿಕಿತ್ಸಾಲಯವೊಂದು ಆರಂಭವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ರೋಗಗಳ ಪಟ್ಟಿಯಲ್ಲಿ ವಿಡಿಯೊ ಆಟದ ವ್ಯಸನಕ್ಕೆ ಸ್ಥಾನವಿದೆ.

ಇಲ್ಲಿ ಉಸಿರು ಮಾಡುವುದೇನು? ವಯಸ್ಕರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಅದನ್ನು ಆರಕ್ಕೆ ಇಳಿಸಿ, ಪೂರಕಕ್ಕಿಂತ ರೇಚಕವನ್ನು ದೀರ್ಘವಾಗಿಸಿದರೆ ವೇಗಸ್ ಎಂಬ ನರದ ಪ್ರಭಾವ ಹೆಚ್ಚಿ, ಉಸಿರು ಬಿಡುವಾಗಲೆಲ್ಲ ಹೃದಯದ ಗತಿ ತಗ್ಗುತ್ತದೆ. ದೇಹದ ಉದ್ವೇಗ ಇಳಿಯುತ್ತದೆ. ಉಸಿರಿನ ಲಯವನ್ನು ನಡೆಸುವ ಮಿದುಳುಕಾಂಡದ ಕೇಂದ್ರದಿಂದ ಎಚ್ಚರವನ್ನು ಕೆರಳಿಸುವ ಕೇಂದ್ರಕ್ಕೆ ಸುದ್ದಿ ಮುಟ್ಟಿಸುವ ನರಕೋಶಗಳಿವೆಯೆಂದು 2017ರಲ್ಲಿ ಇಲಿಗಳ ಮೇಲೆ ನಡೆದ ಸಂಶೋಧನೆ ತೋರಿಸಿತು. ಆ ಕೋಶಗಳನ್ನು ತೆಗೆದಾಗ ಇಲಿಗಳು ಶಾಂತವಾದವು. ಉಸಿರಿಗೂ ಚಿತ್ತಕ್ಕೂ ನಂಟಿದೆಯೆಂಬುದು ಬರಿಯ ನಂಬಿಕೆಯಲ್ಲ.

ಆದರೆ ಪ್ರಾಣಾಯಾಮವು ವ್ಯಸನವನ್ನು ಕಿತ್ತೊಗೆಯುವ ಮಂತ್ರವಲ್ಲ. ಅದು ಕೊಡುವುದು ಒಂದಿಷ್ಟು ಬಿಡುವು. ಬಯಕೆಯು ಅಲೆಯಂತೆ ಏಳುತ್ತದೆ, ಇಳಿಯುತ್ತದೆ. ಎದ್ದ ಗಳಿಗೆಯಲ್ಲಿ ಹತ್ತು ದೀರ್ಘ ಉಸಿರು ತೆಗೆದುಕೊಂಡರೆ ಎರಡು ನಿಮಿಷವೂ ಆಗದು. ಅಷ್ಟರಲ್ಲಿ ಬಯಕೆಗೂ ಕೈಗೂ ನಡುವೆ ವಿವೇಕಕ್ಕೆ ಕಾಲಿಡಲು ಸ್ಥಳ ದೊರೆಯುತ್ತದೆ. ಕುಂಭಕವನ್ನು ಬಲ್ಲವರಿಂದಲೇ ಕಲಿಯಬೇಕು. ನಿದ್ರೆ ಕೆಟ್ಟು, ಓದು ನಿಂತು, ಮಗನು ಮಾತು ಬಿಟ್ಟಿದ್ದರೆ ಸಂಕೋಚವಿಲ್ಲದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಇನ್ನು ಹಿರಿಯರ ಹೊಣೆ. ಮೊಬೈಲನ್ನು ಕಸಿದುಕೊಂಡ ತಂದೆಗೆ ಸಿಗುವುದು ಮೊಬೈಲು ಮಾತ್ರ, ಮಗನಲ್ಲ. ಊಟದ ತಟ್ಟೆಯ ಪಕ್ಕದಲ್ಲಿ ತನ್ನದನ್ನು ಇಟ್ಟುಕೊಂಡು ಮಗನಿಗೆ ಬುದ್ಧಿ ಹೇಳಿದರೆ ಆ ನುಡಿ ನಾಟದು. ಶರಣರು ನಡೆನುಡಿಗಳು ಒಂದಾಗಬೇಕೆಂದುದು ಇಂಥ ಎಡೆಗಾಗಿಯೇ. ಸಂಜೆ ದೀಪ ಹಚ್ಚಿದ ಮೇಲೆ ಮನೆಯವರೆಲ್ಲರೂ ಮೊಬೈಲುಗಳನ್ನು ಬದಿಗಿರಿಸಿ, ಮಗನೊಡನೆ ಹತ್ತು ನಿಮಿಷ ಮೌನವಾಗಿ ಉಸಿರನ್ನು ಗಮನಿಸುತ್ತ ಕುಳಿತರೆ, ಉಪದೇಶದ ಅಗತ್ಯವೇ ಕಡಿಮೆಯಾದೀತು.